ಆಕ್ಸಿಜನ್ ಸಿಲಿಂಡರಿಗೆ ಆಯುಧ ಪೂಜೆ

ನಮ್ಮ ಹಿತ್ತಲಲ್ಲಿ ಒಬ್ಬ ಮನುಷ್ಯನ ಕಣ್ಣೋ, ಕೈಯೋ, ಜೀವವೋ ಹೋಗಬೇಕಾಗಿತ್ತು. ಹೋಗಲಿಲ್ಲ. ಇಷ್ಟೇ ಹೇಳಿ ಮುಗಿಸಬಹುದು. ಮನೆಯವರೆಲ್ಲ ಹಾಗೆಯೇ ಮುಗಿಸಿದ್ದಾರೆ. ನನಗೆ ಮಾತ್ರ ಮುಗಿಯುವುದಿಲ್ಲ. ಇವತ್ತಿಗೂ ಯಾರಾದರೂ ಸಿಲಿಂಡರಿನ ವಾಲ್ವು ತಿರುಗಿಸಲು ಕೈ ಹಾಕಿದರೆ ನನ್ನ ಕಣ್ಣು ಅವರ ಕೈಯ ಮೇಲೇ ಇರುತ್ತದೆ. ಯಾರಾದರೂ ಮಾತನಾಡಿಸಿದರೆ ಕೇಳಿಸುವುದಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಾವು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡು ಬಂದು ಎರಡು ವರ್ಷವಾಗಿತ್ತು. ಅಪ್ಪ ನಮ್ಮ ಜೊತೆಗೇ ಇದ್ದರು. ಗುಬ್ಬಿಯಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು ಅವರು. ಹಾಗಲವಾಡಿ ಕಡೆಯಿಂದಲೂ ಜನ ಬಸ್ಸಿನ ಮೇಲೆ ರಾಗಿ ಮೂಟೆ ಹಾಕಿಕೊಂಡು ಬರುತ್ತಿದ್ದರು. ಬೇರೆ ಗಿರಣಿಗಳು ನಿಂತಿದ್ದ ದಿನವೂ ಅಪ್ಪನದು ಓಡುತ್ತಿತ್ತು. ಅದಕ್ಕೆ ಅವರು ಕೊಡುತ್ತಿದ್ದ ಕಾರಣ ಒಂದೇ: "ಎಣ್ಣೆ ಕಣಮ್ಮ. ಮಿಷನ್ನು ಬಾಯಿ ಬಿಟ್ಟು ಕೇಳಕ್ಮುಂಚೆ ಎಣ್ಣೆ ಹಾಕ್ಬೇಕು."

ಮೂವತ್ತು ವರ್ಷದ ಹಿಟ್ಟು ಅವರ ಎದೆಯಲ್ಲಿ ಕೂತಿತ್ತು. ರಸ್ತೆಯ ದೂಳು ಬಂದರೂ ಉಬ್ಬಸ, ಡಿಸೆಂಬರಿನ ಬೆಳಗಿನ ಥಂಡಿಗೂ ಉಬ್ಬಸ. ಕೋಣೆಯ ಕಿಟಕಿ ಮುಚ್ಚಿಡಿ, ಒಂದೇ ಹದದ ಗಾಳಿ ಇರಲಿ ಎಂದು ಡಾಕ್ಟರು ಹೇಳಿದ್ದರು. ವರ್ಗವಾಗಿ ಹೋಗುತ್ತಿದ್ದ ಒಬ್ಬ ಅಧಿಕಾರಿಯ ಮನೆಯಿಂದ ನನ್ನ ಗಂಡ ಒಂದು ಹಳೆಯ ಏಸಿ ತಂದರು. ಅದು ಉತ್ತರದ ಊರುಗಳಿಗೆಂದು ಮಾಡಿದ ಮಾಡೆಲ್ಲು. ಬೇಸಿಗೆಯಲ್ಲಿ ತಣ್ಣನೆ ಗಾಳಿ, ಚಳಿಗಾಲದಲ್ಲಿ ಬೆಚ್ಚನೆ ಗಾಳಿ. ಒಳಗಿನ ಪೆಟ್ಟಿಗೆ ಅಪ್ಪನ ಕೋಣೆಯ ಗೋಡೆಯಲ್ಲಿ, ಹೊರಗಿನ ಪೆಟ್ಟಿಗೆ ಹಿತ್ತಲ ಕಟ್ಟೆಯ ಮೇಲೆ, ನಡುವೆ ಎರಡು ತಾಮ್ರದ ಪೈಪು. ತುಮಕೂರಿನಲ್ಲಿ ಆಗ ಇಂಥದನ್ನು ಮುಟ್ಟುವವರೇ ಕಡಿಮೆ. ಅಂಗಡಿಗಳಲ್ಲಿ ವಿಚಾರಿಸಿದರೆ ಎಲ್ಲರೂ ಹೇಳುತ್ತಿದ್ದುದು ಒಬ್ಬ ಮೆಕ್ಯಾನಿಕ್ಕಿನ ಹೆಸರನ್ನೇ. ಕುಣಿಗಲ್ ಕಡೆಯವರು. ಬೆಂಗಳೂರಿನಲ್ಲಿ ಕೆಲಸ ಕಲಿತು, ತುಮಕೂರಿಗೆ ಬಂದು ಫ್ರಿಜ್ಜು, ಏಸಿ ರಿಪೇರಿಯ ಅಂಗಡಿ ಇಟ್ಟಿದ್ದರು. ನಲವತ್ತರ ಆಸುಪಾಸು. ಒಬ್ಬರೇ ಬರುತ್ತಿದ್ದರು, ಎಲ್ಲವನ್ನೂ ತಮ್ಮ ಹಳೆಯ ಓಮ್ನಿಯಲ್ಲಿ ತುಂಬಿಕೊಂಡು.

ಆ ವರ್ಷ ಮಳೆ ಮುಗಿಯುವ ಹೊತ್ತಿಗೆ ಏಸಿಯಿಂದ ಬರೀ ಗಾಳಿ ಬರತೊಡಗಿತು, ತಣ್ಣಗೂ ಇಲ್ಲ, ಬೆಚ್ಚಗೂ ಇಲ್ಲ. ಮಹಾನವಮಿಗೆ ಎರಡು ದಿನ ಮೊದಲು ಮೆಕ್ಯಾನಿಕ್ಕು ಬಂದರು. ಹೊರಗಿನ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಬೆರಳಿನಿಂದ ಪೈಪುಗಳನ್ನು ಸವರುತ್ತ ಹೋದರು. ಪಕ್ಕದಲ್ಲಿ ಅಪ್ಪ ಸ್ಟೂಲು ಹಾಕಿಕೊಂಡು ಕೂತಿದ್ದರು. ಮಿಷನ್ನು ಬಿಚ್ಚಿದರೆ ಅಪ್ಪನಿಗೆ ಸಿನಿಮಾ ನೋಡಿದ ಹಾಗೆ.

"ಏನಪ್ಪ ಹುಡುಕ್ತಿದೀಯ?"

"ಎಣ್ಣೆ ಜಿಡ್ಡು ಯಜಮಾನ್ರೆ. ಕಂಪ್ರೆಸರ್ ಒಳಗೆ ಎಣ್ಣೆ ಇರ್ತದೆ. ಗ್ಯಾಸು ಲೀಕ್ ಆಗೋ ಕಡೆ ಒಂದೀಟು ಎಣ್ಣೆನೂ ಜಿನುಗ್ತದೆ. ಜಿಡ್ಡು ಸಿಕ್ತು ಅಂದ್ರೆ ಕಳ್ಳ ಸಿಕ್ದ ಅಂತ."

"ನೋಡ್ದಾ," ಎಂದು ಅಪ್ಪ ನನ್ನ ಕಡೆ ತಿರುಗಿದರು. "ಇದ್ರೊಳಗೂ ಎಣ್ಣೆನೇ."

ಜಿಡ್ಡು ಸಿಕ್ಕಿದ್ದು ನಾಲ್ಕು ಬಾಯಿಯ ಒಂದು ವಾಲ್ವಿನ ಹತ್ತಿರ. ಗ್ಯಾಸು ಯಾವ ಕಡೆಗೆ ಓಡಬೇಕೆಂದು ತೀರ್ಮಾನಿಸುವುದು ಅದೇ. ಅದು ತಿರುಗಿದರೆ ತಂಪು ಹೋಗಿ ಶಾಖ ಬರುತ್ತದೆ ಎಂದು ಅವರು ವಿವರಿಸಿದರು. ಅದರ ಬಾಯಿಗೆ ಸೇರುವ ಪೈಪಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಗ್ಯಾಸ್ ಪೂರ್ತಿ ಹೋಗಿದೆಯೆಂದು ಗೇಜು ಹಾಕಿ ಖಚಿತ ಮಾಡಿಕೊಂಡರು. ವಾಲ್ವಿಗೆ ಒದ್ದೆ ಬಟ್ಟೆ ಸುತ್ತಿದರು, ಒಳಗಿನ ಭಾಗ ಶಾಖಕ್ಕೆ ಕರಗಬಾರದೆಂದು. ಆಕ್ಸಿಜನ್ ಸಿಲಿಂಡರು, ಪುಟ್ಟ ಅಡುಗೆ ಗ್ಯಾಸಿನ ಸಿಲಿಂಡರು, ಎರಡರಿಂದ ಬಂದ ಕೊಳವೆಗಳು ಒಂದು ಟಾರ್ಚಿಗೆ ಸೇರುತ್ತಿದ್ದವು. ನೀಲಿ ಜ್ವಾಲೆ. ಐದು ನಿಮಿಷದಲ್ಲಿ ಬೆಸುಗೆ ಮುಗಿಯಿತು. ಪೈಪಿನೊಳಗೆ ನೈಟ್ರೋಜನ್ ತುಂಬಿ, ಸೋಪಿನ ನೊರೆ ಬಳಿದು ನೋಡಿದರೆ ಅಲ್ಲಿ ಗುಳ್ಳೆ ಇಲ್ಲ. ಆದರೆ ಅದೇ ವಾಲ್ವಿನ ಕೆಳಗಿನ ಬಾಯಿಯಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು.

"ಇನ್ನೊಂದು ಐತೆ," ಎಂದು ಅವರು ಎದ್ದು ನಿಂತರು. ಸಂಜೆಯಾಗಿತ್ತು. ಮಾರನೆಯ ದಿನ ಅಂಗಡಿ ತೊಳೆಯಬೇಕು, ಅದರ ಮಾರನೆಯ ದಿನ ಆಯುಧ ಪೂಜೆ. ಹಬ್ಬ ಮುಗಿಸಿ ಬರುತ್ತೇನೆ ಎಂದರು. ಗೇಜು, ನೈಟ್ರೋಜನ್ ಸಿಲಿಂಡರು, ಪಂಪು ಎಲ್ಲ ಓಮ್ನಿಗೆ ಹೋದವು. ಅವು ಪೂಜೆಗೆ ಬೇಕು. ಹೇಗೂ ಇಲ್ಲಿಗೇ ಬರಬೇಕಲ್ಲ ಎಂದು ಬೆಸುಗೆಯ ಸಾಮಾನನ್ನು ನಮ್ಮ ಹಿತ್ತಲ ವರಾಂಡದಲ್ಲೇ ಬಿಟ್ಟರು. ಆಕ್ಸಿಜನ್ ಸಿಲಿಂಡರಿನಿಂದ, ಒತ್ತಡ ತೋರಿಸುವ ಅದರದೇ ಗೇಜಿನ ಸಮೇತ, ರೆಗ್ಯುಲೇಟರು ಬಿಚ್ಚಿ, ಬಟ್ಟೆಯ ಚೀಲಕ್ಕೆ ಹಾಕಿ, ಅದರ ಕುತ್ತಿಗೆಗೇ ನೇತುಹಾಕಿದರು.

ಅಪ್ಪ ಕೇಳಿದರು: "ಎಲ್ಲಾದ್ಕೂ ಪೂಜೆ ಆಗ್ತದೆ, ಇದಕ್ಕೆ?"

"ನೀವೇ ಮಾಡ್ಬುಡಿ ಯಜಮಾನ್ರೆ," ಎಂದು ನಗುತ್ತ ಗಾಡಿ ಹತ್ತಿದರು ಅವರು.

ಅವರದು ತಮಾಷೆ. ಅಪ್ಪನಿಗೆ ಆಯುಧ ಪೂಜೆಯ ವಿಚಾರದಲ್ಲಿ ತಮಾಷೆ ಎಂಬುದಿಲ್ಲ.

ಗಿರಣಿಯ ಕಾಲದಲ್ಲಿ ಅದು ಅವರ ವರ್ಷದ ದೊಡ್ಡ ದಿನ. ಬೆಲ್ಟು ಕಳಚಿ, ಕಲ್ಲು ಎತ್ತಿ, ಒಂದೊಂದು ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಟ್ಟು, ಆಮೇಲೆ ವಿಭೂತಿ. ಎಣ್ಣೆ ಕಾಣದ ಕಬ್ಬಿಣಕ್ಕೆ ವಿಭೂತಿ ಇಡಬಾರದು, ಸ್ನಾನ ಮಾಡದೆ ಪೂಜೆಗೆ ಕೂತಂತೆ ಎನ್ನುತ್ತಿದ್ದರು. ಗಿರಣಿ ಮಾರಿದ ಮೇಲೆ ಶೆಟ್ಟಿಹಳ್ಳಿಯಲ್ಲಿ ಅವರಿಗೆ ಉಳಿದದ್ದು ನನ್ನ ಹೊಲಿಗೆ ಮಿಷನ್ನು, ನನ್ನ ಗಂಡನ ಸ್ಕೂಟರು, ಈಳಿಗೆ ಮಣೆ. ಆ ವರ್ಷ ವರಾಂಡದಲ್ಲಿ ಎದೆಯುದ್ದದ ಒಂದು ಕಬ್ಬಿಣ ನಿಂತಿತ್ತು, ಮೈಯೆಲ್ಲ ಕೆಸರು, ಬಾಯಿಯ ತಿರುಪಿನಲ್ಲಿ ಹಸಿರು ಕಿಲುಬು. ಮಹಾನವಮಿಯ ಬೆಳಗ್ಗೆ ಅಪ್ಪನ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆ ಇತ್ತು.

"ಒಂದು ಹಳೇ ಬಟ್ಟೆ ಕೊಡಮ್ಮ."

ಕೊಟ್ಟೆ. ಹಳೆಯ ಹತ್ತಿ ಸೀರೆಯ ತುಂಡು. ಅವರು ಸಿಲಿಂಡರನ್ನು ತೊಳೆದು ಒರೆಸಿದರು. ಗಿರಣಿಯಿಂದ ತಂದಿಟ್ಟುಕೊಂಡಿದ್ದ ಉದ್ದ ಮೂತಿಯ ಎಣ್ಣೆ ಡಬ್ಬಿ ತೆಗೆದು, ವಾಲ್ವಿನ ಕಡ್ಡಿಗೆ ಎರಡು ಹನಿ, ಬಾಯಿಯ ತಿರುಪಿಗೆ ಸುತ್ತಲೂ ಎಣ್ಣೆ ಬಿಟ್ಟರು. ಚೀಲದಿಂದ ರೆಗ್ಯುಲೇಟರು ತೆಗೆದು ಅದರ ನಟ್ಟಿನ ಒಳಗೂ ಬಿಟ್ಟು, ಬೆರಳಿನಿಂದ ಸವರಿದರು. "ಪಾಪ, ಒಣಗೋಗೈತೆ," ಎಂದರು. ಆಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ, ಒಂದು ಚೆಂಡುಹೂವು. ನನ್ನ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಸಿಲಿಂಡರಿಗೆ ಇಟ್ಟೆ, ರೆಗ್ಯುಲೇಟರಿನ ಗೇಜಿನ ಗಾಜಿನ ಮೇಲೂ ನಡುವೆ ಸರಿಯಾಗಿ ಒಂದು ಬೊಟ್ಟು ಇಟ್ಟೆ. ಚೆನ್ನಾಗಿ ಕಾಣುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಾನು ಬಿ.ಎಸ್ಸಿ. ಮಾಡಿದವಳು. ತೊಂಬತ್ತರ ದಶಕದ ನಡುವಿನಲ್ಲಿ ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಬಂದು ಮೂರು ವರ್ಷ ರಸಾಯನಶಾಸ್ತ್ರ ಓದಿದ್ದೇನೆ. ಒತ್ತಡದಲ್ಲಿರುವ ಆಕ್ಸಿಜನ್ ಎಣ್ಣೆಯನ್ನು, ಗ್ರೀಸನ್ನು ಮುಟ್ಟಿದರೆ ಕಿಡಿಯ ಅಗತ್ಯವೇ ಇಲ್ಲದೆ ಹೊತ್ತಿಕೊಳ್ಳಬಹುದು ಎಂಬುದನ್ನು ನಾನು ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಲ್ಯಾಬಿನ ಅಟೆಂಡರು ಊಟ ಮಾಡಿ ಬಂದ ಕೈಯಲ್ಲಿ ಸಿಲಿಂಡರ್ ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಅದು ಮರೆತು ಹೋಗಿತ್ತೆ ಎಂದು ಕೇಳಿದರೆ, ಇಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ಅವತ್ತೂ ಬರೆಯುತ್ತಿದ್ದೆ. ಆದರೆ ಹಿತ್ತಲಲ್ಲಿ ಅಪ್ಪನ ಎದುರು ಕೂತಾಗ ಅದು ನನ್ನ ಕಣ್ಣಿಗೆ ಆಕ್ಸಿಜನ್ ಆಗಿರಲಿಲ್ಲ. ಅದು ಪೂಜೆಗಿಟ್ಟ ಸಾಮಾನು.

ವಿಜಯದಶಮಿ ಕಳೆದ ಮಾರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಮೆಕ್ಯಾನಿಕ್ಕು ಬಂದರು. ಅಪ್ಪ ಸ್ನಾನಕ್ಕೆ ಹೋಗಿದ್ದರು. ನಾನು ಕಾಫಿ ಹಿಡಿದು ಹಿತ್ತಲ ಬಾಗಿಲಿಗೆ ಬಂದೆ. ಸಿಲಿಂಡರನ್ನು ನೋಡಿ ಅವರಿಗೆ ನಗು ಬಂತು.

"ಏನ್ ಮೇಡಂ ಇದು, ನಿಜವಾಗ್ಲೂ ಮಾಡ್ಬುಟ್ಟವ್ರೆ? ನಮ್ ಅಂಗಡಿ ಸಾಮಾನಿಗೂ ಇಷ್ಟು ವಿಭೂತಿ ಬಿದ್ದಿಲ್ಲ."

ಹೂವು ತೆಗೆದು ಕಣ್ಣಿಗೊತ್ತಿಕೊಂಡು ಕಟ್ಟೆಯ ಮೇಲಿಟ್ಟರು. ಆಮೇಲೆ, ರೆಗ್ಯುಲೇಟರು ಕೂರಿಸುವ ಮೊದಲು ಯಾವಾಗಲೂ ಮಾಡುವ ಹಾಗೆ, ಬಾಯಿಯಲ್ಲಿ ಕೂತ ದೂಳು ಹಾರಿಹೋಗಲೆಂದು ವಾಲ್ವನ್ನು ಅದರ ಚಾವಿಯಿಂದ ಕಣ್ಣು ಮಿಟುಕಿಸುವಷ್ಟು ಹೊತ್ತು ತೆಗೆದು ಮುಚ್ಚಿದರು. ಫಟ್ ಎಂದು ಗಾಳಿ ನುಗ್ಗಿತು. ವಿಭೂತಿ ಹಾರಿ ಅವರ ಮೂಗಿಗೆ ಬಡಿದು ಎರಡು ಸಲ ಸೀನಿದರು. ನಾನೂ ನಕ್ಕೆ.

ಈ ನಗುವನ್ನು ನಾನು ಎಷ್ಟು ಸಲ ಮತ್ತೆ ಮತ್ತೆ ನೋಡಿದ್ದೇನೋ ಲೆಕ್ಕವಿಲ್ಲ. ಅಪಾಯ ಒಂದು ಸಲ ಅವರ ಮುಖದ ಪಕ್ಕದಲ್ಲೇ ಹಾದುಹೋಗಿತ್ತು, ನಾವಿಬ್ಬರೂ ನಗುತ್ತಿದ್ದೆವು.

ಅವರು ರೆಗ್ಯುಲೇಟರನ್ನು ಬಾಯಿಗೆ ಹಿಡಿದು ನಟ್ಟು ತಿರುಗಿಸಿದರು. ಸ್ಪ್ಯಾನರು ಬೇಕಾಗುವ ತನಕ ಬೆರಳಲ್ಲೇ ಸರಾಗವಾಗಿ ಹೋಯಿತು. ಬಿಗಿ ಮಾಡಿ, ವಾಲ್ವಿನ ಕಡ್ಡಿಗೆ ಮತ್ತೆ ಚಾವಿ ಸಿಕ್ಕಿಸಿದರು. ಮುಖ ಗೇಜಿನ ಎದುರಿಗೇ ಇತ್ತು. ಕುಂಕುಮದ ಹಿಂದೆ ಮುಳ್ಳು ಕಾಣದೆ ಬಗ್ಗಿ ನೋಡುತ್ತಿದ್ದರು.

"ದಿನಾ ಕಿರಗುಟ್ಟೋದು ಮುಂಡೇದು. ಇವತ್ತು ಬೆಣ್ಣೇಲಿ ಇಟ್ಟಂಗೆ ಕೂತ್ಕೊತು."

ನಾನು ಹೆಮ್ಮೆಯಿಂದಲೇ ಹೇಳಿದೆ: "ಅಪ್ಪ ಎಣ್ಣೆ ಬಿಟ್ಟಿದಾರೆ, ಅದಕ್ಕೆ."

ಅವರ ಕೈ ನಿಂತಿತು. ಚಾವಿಯ ಮೇಲೆ ಬೆರಳುಗಳು ಹಾಗೇ ಇದ್ದವು. ತಿರುಗಿಸಲೂ ಇಲ್ಲ, ಬಿಡಲೂ ಇಲ್ಲ. ನನ್ನ ಕಡೆ ನೋಡದೆ ಕೇಳಿದರು.

"ಎಲ್ಲಿಗೆ ಬಿಟ್ರು ಮೇಡಂ?"

"ವಾಲ್ವಿಗೆ. ನಟ್ಟಿನ ಒಳಗೂ..."

ಮಾತು ಅಲ್ಲಿಗೆ ಬಂದಾಗ ನನಗೆ ನನ್ನ ನೋಟ್ಸು ನೆನಪಾಯಿತು. ಬರೆದುಕೊಂಡಿದ್ದ ಪುಟವೇ ಕಣ್ಣಿಗೆ ಬಂತು, ಕೆಳಗೆ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದು. ಕೈಯಲ್ಲಿದ್ದ ಲೋಟದ ಕಾಫಿ ಸೀರೆಯ ಮೇಲೆ ಚೆಲ್ಲಿದ್ದು ಆಮೇಲೆ ಗೊತ್ತಾಯಿತು.

ಅವರು ಒಂದೊಂದೇ ಬೆರಳು ಬಿಡಿಸಿ ಚಾವಿಯಿಂದ ಕೈ ತೆಗೆದರು. ಎದ್ದು ಎರಡು ಹೆಜ್ಜೆ ಹಿಂದೆ ಬಂದರು. ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ವಿಭೂತಿಯ ಹಿಂದೆ ಮಿಷನ್ ಎಣ್ಣೆ. ಅಂಗಿಗೆ ಒರೆಸಿಕೊಳ್ಳಲು ಹೋಗಿ, ಬೇಡವೆಂದು ಕೈಯನ್ನು ಹಾಗೇ ದೂರ ಹಿಡಿದುಕೊಂಡು ನಿಂತರು.

"ಸೋಪು ಕೊಡಿ ಮೇಡಂ," ಎಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

ಮೂರು ಸಲ ಕೈ ತೊಳೆದರು. ಒಳಗೆ ಒಲೆ ಆರಿಸಿ ಬರಲು ನನಗೆ ಹೇಳಿದರು. ಆಮೇಲೆ ನಿಧಾನವಾಗಿ ರೆಗ್ಯುಲೇಟರು ಬಿಚ್ಚಿ ನೆಲದ ಮೇಲಿಟ್ಟರು. ಗೇಜಿನ ಮೇಲಿನ ಕುಂಕುಮ ಒರೆಸಲು ನಾನು ಕೂತೆ; ಸುಮ್ಮನೆ ನಿಲ್ಲಲು ಆಗುತ್ತಿರಲಿಲ್ಲ. ಕುಂಕುಮದ ಕೆಳಗೆ ಗೇಜಿನ ಮುಖದ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಕೆಂಪಕ್ಷರಗಳಿದ್ದವು. ಎಣ್ಣೆ ಬಳಸಬೇಡಿ ಎಂದು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವತ್ತು ಪೂಜೆಗೆ ಕೂತವರಲ್ಲಿ ಅದನ್ನು ಓದಬಲ್ಲವಳು ಬೊಟ್ಟು ಇಟ್ಟವಳೇ.

ಅಷ್ಟರಲ್ಲಿ ಅಪ್ಪ ಸ್ನಾನ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರು. ಇಬ್ಬರ ಮುಖ ನೋಡಿದರು, ನೆಲದ ಮೇಲಿನ ರೆಗ್ಯುಲೇಟರು ನೋಡಿದರು.

"ಏನಾಯ್ತಪ್ಪ?"

"ಇದನ್ನ ಇನ್ನು ಬಳಸಂಗಿಲ್ಲ ಯಜಮಾನ್ರೆ. ಎಣ್ಣೆ ಆಗೋಗೈತೆ."

"ಎಣ್ಣೆ ಬಿದ್ರೆ ಕೆಡೋ ಕಬ್ಬಿಣ ನಾನು ಎಲ್ಲೂ ಕಂಡಿಲ್ಲ ಕಣಪ್ಪ."

"ಇದು ಕಬ್ಬಿಣದ ವಿಚಾರ ಅಲ್ಲ. ಒಳಗಿರೋದರ ವಿಚಾರ."

"ಒಳಗೇನೈತೆ? ಗಾಳಿ ತಾನೆ? ಆಸ್ಪತ್ರೇಲಿ ನನ್ ಮೂಗಿಗೆ ಹಾಕ್ತಾರಲ್ಲ, ಅದೇ ಗಾಳಿ ತಾನೆ?"

"ಅದೇ ಗಾಳಿನೇ. ಒತ್ತಡದಲ್ಲಿ ಎಣ್ಣೆ ಮೇಲೆ ಬಿದ್ರೆ ಬೆಂಕಿಪಟ್ಣನೂ ಬ್ಯಾಡ, ತಾನಾಗೇ ಹತ್ಕೊಳ್ತದೆ. ಇಗೋ, ಈ ಗೇಜು ನನ್ನ ಮುಖದ ಮುಂದೆ ಇತ್ತು."

ಅಪ್ಪ ನನ್ನ ಕಡೆ ತಿರುಗಿದರು. ಮಿಷನ್ನಿನ ವಿಚಾರದಲ್ಲಿ ಅವರು ಬೇರೆಯವರ ಮಾತು ನಂಬುತ್ತಿರಲಿಲ್ಲ. ಪುಸ್ತಕದ ವಿಚಾರದಲ್ಲಿ ನನ್ನ ಮಾತು ನಂಬುತ್ತಿದ್ದರು.

"ಹೌದೇನಮ್ಮ?"

"ಹೌದಪ್ಪ."

"ಈಗ ಗೊತ್ತಾಯ್ತಾ, ಮೊದ್ಲೇ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. "ಮೊದ್ಲೇ ಗೊತ್ತಿತ್ತು. ಕಾಲೇಜಲ್ಲಿ ಓದಿದ್ದೆ," ಎಂದೆ.

"ಮತ್ತೆ ಅವತ್ತು ನನ್ನ ಪಕ್ಕ ಕೂತ್ಕೊಂಡು ಏನ್ ಮಾಡ್ತಿದ್ದೆ?"

"ಕುಂಕುಮ ಇಡ್ತಿದ್ದೆ."

ಅಪ್ಪ ಸ್ಟೂಲಿನ ಮೇಲೆ ಕೂತರು. ಉಸಿರು ಸೀಟಿ ಹೊಡೆಯತೊಡಗಿತು. ನಾನು ಒಳಗೆ ಹೋಗಿ ಅವರ ಉಬ್ಬಸದ ಪಂಪು ತಂದುಕೊಟ್ಟೆ; ಎರಡು ಸಲ ಎಳೆದುಕೊಂಡರು. ಮೆಕ್ಯಾನಿಕ್ಕು ಅವರ ಎದುರು ಕುಕ್ಕರಗಾಲಲ್ಲಿ ಕೂತರು.

"ಬುಡಿ ಯಜಮಾನ್ರೆ. ಪೂಜೆ ಮಾಡಿ ಅಂದೋನು ನಾನು, ಮುಟ್ಬೇಡಿ ಅಂತ ಹೇಳದೇ ಹೋದೋನೂ ನಾನು. ಮೇಡಂ ಬಾಯಿಗೆ ಆ ಮಾತು ಬಂತು ಅಂತ ಇಲ್ಲಿ ಕೂತಿದೀನಿ."

"ನಿಂಗೆ ಮಕ್ಕಳು?"

"ಇಬ್ರು. ಕುಣಿಗಲ್ಲಲ್ಲೇ ಅವ್ರೆ, ಅವರ ಅಜ್ಜಿ ಜತೆ ಓದ್ಕೊಂಡು."

"ಮನೇಲಿ ಹೇಳ್ಬೇಡ," ಎಂದರು ಅಪ್ಪ.

"ಹೇಳಿದ್ರೆ ನಮ್ಮೋಳು ನಾಳೆಯಿಂದ ಕೆಲಸಕ್ಕೆ ಕಳಿಸ್ತಾಳಾ? ಹೇಳಲ್ಲ."

ಆ ಸಿಲಿಂಡರಿಗೆ ಮುಚ್ಚಳ ಹಾಕಿ, ಗೋಣಿಚೀಲ ಸುತ್ತಿದರೆ ಅದೂ ಹೊತ್ತಿಕೊಂಡೀತೆಂದು ಬರಿಮೈಯಲ್ಲೇ ಓಮ್ನಿಯಲ್ಲಿ ಮಲಗಿಸಿ, ಕಿಟಕಿಗಳನ್ನೆಲ್ಲ ತೆಗೆದು, ಗ್ಯಾಸು ತುಂಬಿಕೊಡುವವರಿಗೆ ಹಿಂದಕ್ಕೆ ಕೊಂಡೊಯ್ದರು. ಎಣ್ಣೆಯಾಗಿದೆ ಎಂದು ಸೀಮೆಸುಣ್ಣದಲ್ಲಿ ಅದರ ಮೈಮೇಲೆ ದೊಡ್ಡದಾಗಿ ಬರೆದಿದ್ದರು. ರೆಗ್ಯುಲೇಟರನ್ನು ನನ್ನೆದುರೇ ಸುತ್ತಿಗೆಯಿಂದ ಬಡಿದು ಮುರಿದರು. ತೊಳೆದರೆ ಹೋಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಹೋಯ್ತು ಅಂತ ನೀವು ಬರ್ಕೊಡ್ತೀರಾ ಮೇಡಂ?" ಎಂದರು.

ಅವರು ಹೋದ ಮೇಲೆ ಹಿತ್ತಲು ಗುಡಿಸುವಾಗ ಗೋಡೆಯ ಮೇಲೆ ಒಂದು ಗುರುತು ಕಂಡಿತು. ವಾಲ್ವಿನ ಬಾಯಿ ಇದ್ದ ಎತ್ತರಕ್ಕೆ ಸರಿಯಾಗಿ, ಅಂಗೈಯಗಲದ ಬೂದು ಕಲೆ, ಒಳಗೆ ಸಣ್ಣ ಸಣ್ಣ ಹನಿಗಳ ಹೊಳಪು. ಫಟ್ ಎಂದು ಗಾಳಿ ಬಿಟ್ಟಾಗ ವಿಭೂತಿಯ ಜೊತೆ ಎಣ್ಣೆಯೂ ಹಾರಿ ಗೋಡೆಗೆ ಅಂಟಿತ್ತು. ಅಲ್ಲಿಯವರೆಗೂ ನಾನು ಅಂದುಕೊಂಡಿದ್ದೆ, ಅಪಾಯ ಚಾವಿ ತಿರುಗಿಸುವುದರಲ್ಲಿತ್ತು, ನಾವು ಅದಕ್ಕೆ ಮುಂಚೆಯೇ ನಿಂತೆವು ಎಂದು. ಪೊರಕೆ ಕೆಳಗಿಟ್ಟು ಕಲೆಯನ್ನು ಬೆರಳಿನಿಂದ ಮುಟ್ಟಿ ಮೂಸಿದೆ; ಮಿಷನ್ ಎಣ್ಣೆ. ಮೊದಲ ಸಲ ಯಾಕೆ ಹೊತ್ತಿಕೊಳ್ಳಲಿಲ್ಲ? ಪುಸ್ತಕದಲ್ಲಿ ಹೊತ್ತಿಕೊಳ್ಳಬಹುದು ಎಂದಿತ್ತು, ಹೊತ್ತಿಕೊಳ್ಳುತ್ತದೆ ಎಂದಿರಲಿಲ್ಲ. ಆ ಒಂದು ಪದದ ಸಂದಿನಲ್ಲಿ ಅವರು ಸೀನಿದ್ದರು, ನಾನು ನಕ್ಕಿದ್ದೆ.

ಬೇರೆ ಸಿಲಿಂಡರು, ಬೇರೆ ರೆಗ್ಯುಲೇಟರು ತೆಗೆದುಕೊಂಡು ಅವರು ಬಂದದ್ದು ನಾಲ್ಕು ದಿನದ ಮೇಲೆ. ಬರುತ್ತಾರೋ ಇಲ್ಲವೋ ಎಂದಿತ್ತು ನನಗೆ. ಬಂದವರು ಎಂದಿನಂತೆ ಚಪ್ಪಲಿ ಬಿಟ್ಟು, ಏಸಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಅದರ ನಾಲ್ಕು ಬಾಯಿಯ ವಾಲ್ವಿಗೆ ಒದ್ದೆ ಬಟ್ಟೆ ಸುತ್ತಿದರು. ಅಪ್ಪ ಹಿತ್ತಲಿಗೆ ಬರಲಿಲ್ಲ. ತಮ್ಮ ಕೋಣೆಯ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಕಾಣದಿದ್ದರೂ ಕೇಳಿಸುವ ಕಡೆ ಕೂತರು.

ಮೆಕ್ಯಾನಿಕ್ಕು ಹೊಸ ಸಿಲಿಂಡರಿಗೆ ಚಾವಿ ಸಿಕ್ಕಿಸಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಈ ಸಲ ಅವರ ಮುಖ ಗೇಜಿನ ಎದುರಿಗೆ ಇರಲಿಲ್ಲ. ಪಕ್ಕಕ್ಕೆ ನಿಂತು ಕೈ ಮಾತ್ರ ಚಾಚಿದ್ದರು. ನನ್ನನ್ನು ನೋಡಿ ಕೈ ಕೆಳಗಿಳಿಸಿದರು.

"ಮೇಡಂ, ಒಳಗೆ ಹೋಗಿ."

"ಪರವಾಗಿಲ್ಲ, ಇಲ್ಲೇ ಇರ್ತೀನಿ."

"ನಿಮಗೆ ಪರವಾಗಿಲ್ಲ. ನೀವು ಹಂಗೆ ನೋಡ್ತಿದ್ರೆ ನನ್ ಕೈ ಓಡಲ್ಲ."

ನಾನು ಒಳಗೆ ಬಂದು ಅಪ್ಪನ ಪಕ್ಕ ನಿಂತೆ. ಹಿತ್ತಲಲ್ಲಿ ಸದ್ದಿಲ್ಲ. ಅಪ್ಪ ಕುರ್ಚಿಯ ಕೈ ಹಿಡಿದುಕೊಂಡಿದ್ದರು.

"ತೆಗೆದ್ನಾ?" ಎಂದು ಕೇಳಿದರು.

"ಇನ್ನೂ ಇಲ್ಲಪ್ಪ."

ಆಮೇಲೆ ಚಾವಿ ತಿರುಗಿ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಕಿರ್ ಎಂದಿತು, ಬೆಂಕಿಕಡ್ಡಿ ಗೀರಿದ ಸದ್ದು ಬಂತು, ಟಾರ್ಚು ಬುಸ್ಸೆಂದು ಹೊತ್ತಿಕೊಂಡಿತು. ಅಪ್ಪ ನನ್ನ ಕೈ ಹಿಡಿದರು. ಜ್ವಾಲೆಯ ಸದ್ದು ಒಂದೇ ಸಮನೆ ಬರುತ್ತಿತ್ತು. ಐದು ನಿಮಿಷವೋ ಏನೋ. ಅದು ನಿಂತು, ಅವರು ಹೊರಗಿನಿಂದ "ಸೋಪಿನ ನೀರು ಕೊಡಿ ಮೇಡಂ" ಎಂದು ಕೂಗುವ ತನಕ ಅಪ್ಪ ನನ್ನ ಕೈ ಬಿಡಲಿಲ್ಲ.